ಕಿಟಕಿ ತೆರೆಸಿದವನು

ಜೂನ್ ೧೨, ಗುರುವಾರ

ಚಿಕ್ಕಮ್ಮನ ಮನೆಯ ತಗಡು ಹಾರಿಹೋಗಿದ್ದು ನನ್ನಿಂದ. ಬಿರುಗಾಳಿ ಬರುವ ಮುಂಚೆ ಅವಳು ಕಿಟಕಿಗಳಿಗೆಲ್ಲ ಅಗಳಿ ಹಾಕಿದ್ದಳು. ನಾನೇ ಹೋಗಿ ತೆಗೆಸಿದೆ. ಗಾಳಿಗೆ ದಾರಿ ಬಿಟ್ಟರೆ ಮನೆ ಉಳಿಯುತ್ತದೆ ಎಂದು ಯಾವುದೋ ಹಳೆಯ ಕರಪತ್ರದಲ್ಲಿ ಓದಿ, ವೇದವಾಕ್ಯದಂತೆ ಬೀದಿಗೆಲ್ಲ ಸಾರಿದ್ದೆ. ಒಳಗೆ ನುಗ್ಗಿದ ಗಾಳಿ ತಗಡಿನ ಮಾಡನ್ನು ಕೆಳಗಿನಿಂದಲೇ ಎತ್ತಿ ಒಗೆಯಿತು. ನನ್ನ ಮಾತಿಗೆ ಕಿವಿಗೊಡದೆ ಮುಚ್ಚಿಕೊಂಡಿದ್ದ ಎದುರುಮನೆಗಾಗಲಿ ಬೀದಿಯ ಉಳಿದ ಮನೆಗಳಿಗಾಗಲಿ ಏನೂ ಆಗಲಿಲ್ಲ.

"ಕರಪತ್ರ ಓದಿದ್ದು ನೀನು, ಗಾಳಿ ಓದಿರ್ಲಿಲ್ಲ ಬಿಡೋ," ಎಂದು ಚಿಕ್ಕಮ್ಮ ಒದ್ದೆ ಹೊದಿಕೆ ಹಿಂಡುತ್ತ ನಕ್ಕಳು. ಅದನ್ನಾದರೂ ತಡೆದುಕೊಂಡೆ; ತಡೆಯಲಾಗದ್ದು ಆಮೇಲಿನದು. ಎದುರುಮನೆಯ ದರ್ಜಿ ಬಂದು, "ಏನಕ್ಕಾ, ನಿಮ್ಮದೊಂದೇ ಹೇಗೆ ಹಾರಿಹೋಯ್ತು?" ಎಂದು ಕೇಳಿದ.

"ಮೊಳೆ ತುಕ್ಕು ಹಿಡಿದಿತ್ತಪ್ಪ," ಎಂದುಬಿಟ್ಟಳು ಅವಳು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಸತ್ಯಕ್ಕೆ ಹೆದರಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು!

ಭಾನುವಾರ ಇನ್ನೊಂದು ಬಿರುಗಾಳಿಯಂತೆ. ಮೊಳೆಯದೇ ತಪ್ಪೆಂದು ನಂಬಿ ಅಂದು ಯಾರಾದರೂ ನನ್ನ ಮಾತಿನಂತೆ ಕಿಟಕಿ ತೆರೆದಿಟ್ಟರೆ? ಊಟ ಬಿಟ್ಟೆದ್ದು ದರ್ಜಿಯ ಬಾಗಿಲು ತಟ್ಟಿದೆ, ಬೀದಿಯವರನ್ನೆಲ್ಲ ಸೇರಿಸಿ ಎಂದೆ.

"ಮತ್ತೆ ಭಾಷಣಾನಾ?" ಎಂದ.

ಅಲ್ಲ, ತಪ್ಪೊಪ್ಪಿಗೆ ಎನ್ನದೆ ದಿನ, ಜಾಗ ಮಾತ್ರ ಗೊತ್ತುಮಾಡಿ ಬಂದೆ: ಶನಿವಾರ ಬೆಳಿಗ್ಗೆ ಏಳಕ್ಕೆ, ಬೀದಿ ನಲ್ಲಿಯ ಬಳಿ.