ಬೂಷ್ಟಿನ ಹಲಗೆ

ಮೇ 19, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ಮಂಡಿನೋವು ಹೇಗಿದೆ? ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಮುಖ ಊದಿಸಿಕೊಳ್ಳಬೇಡ. ಕೂತು ಬರೆಯಲು ಮನೆಯಲ್ಲಿ ಜಾಗವೇ ಇರಲಿಲ್ಲ. ಮೇಜು, ಮಂಚ, ಕೊನೆಗೆ ನನ್ನ ಹೊಲಿಗೆ ಯಂತ್ರದ ಮೇಲೂ ಹಲಗೆಗಳನ್ನು ಒಟ್ಟಿದ್ದರು.

ಎಲ್ಲ ನನ್ನ ಸೊಸೆಯ ಕಾರುಬಾರು. ಮಗ ತೀರಿಹೋದ ಮೇಲೆ ಅವಳು ತವರಿಗೆ ಹೊರಟುಬಿಡುತ್ತಾಳೆ ಅಂದುಕೊಂಡಿದ್ದೆವಲ್ಲ? ಹೋಗಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಅಣಬೆ ಬೆಳೆಯತೊಡಗಿದಳು. ಈಗ ಅಣಬೆಯನ್ನು ಬಿಟ್ಟು ಅದರ ಬೇರಿನಂಥ ಬಿಳಿ ಎಳೆಗಳ ಹಿಂದೆ ಬಿದ್ದಿದ್ದಾಳೆ. ಹುಲ್ಲು, ಮರದ ಹೊಟ್ಟು ತುಂಬಿದ ಅಚ್ಚಿನಲ್ಲಿ ಬಿಟ್ಟರೆ ಆ ಎಳೆಗಳು ಎಲ್ಲವನ್ನೂ ಹೆಣೆದು ಗಟ್ಟಿಮಾಡುತ್ತವೆ. ಆಮೇಲೆ ಬಿಸಿಗೂಡಿನಲ್ಲಿ ಒಣಗಿಸಿದರೆ ಹಗುರವಾದ ಹಲಗೆ ಸಿದ್ಧ. ಚಾವಣಿಗೆ ಕೂರಿಸಿದರೆ ಬಿಸಿಲಿನ ಕಾವು ಕೆಳಗಿಳಿಯುವುದಿಲ್ಲ. ಕಾವು ತಡೆಯಲೆಂದು ಚಾವಣಿಗೆ ಸಿಂಪಡಿಸುತ್ತಾರಲ್ಲ, ಆ ಫೋಮ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಬದುಕಿಡೀ ಚಾವಣಿಗಳಿಗೆ ಫೋಮ್ ಹೊಡೆದ ನಮ್ಮ ಯಜಮಾನರು ಸುಮ್ಮನಿರುತ್ತಾರೆಯೇ?

"ಊರವರೆಲ್ಲ ಗೋಡೆಗೆ ಹಿಡಿದ ಬೂಷ್ಟು ಕೆರೆದು ಬಣ್ಣ ಹೊಡೀತಾರೆ. ನೀನು ಬೂಷ್ಟನ್ನೇ ತುಂಬ್ತೀನಿ ಅಂತೀಯಲ್ಲಮ್ಮ!" ಎಂದು ನಕ್ಕರು.

"ಬೆಂಕಿ ಇಟ್ಟು ನೋಡಿ ಮಾವ, ಆಮೇಲೆ ಮಾತಾಡಿ," ಎಂದಳು ಅವಳು.

ಅವರ ನಗು ನಿಂತಿತು. ತಾವೇ ಅಂಗಳಕ್ಕೆ ಗ್ಯಾಸ್ ಬರ್ನರ್ ತಂದರು. ಹಲಗೆಯ ಪಕ್ಕದಲ್ಲಿ ಹಳೆಯ ಫೋಮಿನ ತುಂಡೊಂದನ್ನೂ ಇಟ್ಟರು. ಫೋಮ್ ಭಗ್ಗನೆ ಹತ್ತಿ, ಕಪ್ಪು ಹೊಗೆ ಉಗುಳುತ್ತಾ ಮುದುಡಿಹೋಯಿತು. ಹಲಗೆಯ ಮೇಲ್ಮೈ ಕರಕಲಾಯಿತು, ಬರ್ನರ್ ತೆಗೆದೊಡನೆ ಅಲ್ಲಿಗೇ ಆರಿತು. ಅವರು ಹಲಗೆಯ ಹಿಂಬದಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು.

"ತಣ್ಣಗಿದೆ ಕಣೇ," ಎಂದರು ನನಗೆ.

ಮಗ ಹೋದಾಗಿನಿಂದ ಮೂಲೆ ಸೇರಿದ್ದ ಏಣಿ ಮಾರನೆಯ ದಿನವೇ ಹೊರಗೆ ಬಂತು. ನನ್ನ ಹೊಲಿಗೆ ಕೋಣೆಗೆ ಹಲಗೆ ಹಾಕಿ ಮುಗಿಸಿ, ಈಗ ಇಬ್ಬರೂ ಪಕ್ಕದ ಬೀದಿಯ ಶಿಶುವಿಹಾರದ ಚಾವಣಿ ಹಿಡಿದಿದ್ದಾರೆ. ಕೆಲಸಕ್ಕಿಂತ ಜಗಳವೇ ಜಾಸ್ತಿ.

"ಮಾವ, ಅಲ್ಲಿ ಸಂದಿ ಬಿಟ್ಟಿದ್ದೀರಿ."

"ನೀನು ಹುಟ್ಟೋ ಮುಂಚೆಯಿಂದ ಸಂದಿ ಮುಚ್ತಾ ಇದ್ದೀನಿ, ಸುಮ್ನಿರು!"

ಊಟಕ್ಕೆ ಬಂದರೆ ಇಬ್ಬರ ತಲೆಯಲ್ಲೂ ಹೊಟ್ಟು. ಬೈಯುತ್ತಲೇ ಬಡಿಸುತ್ತೇನೆ. ಮನೆ ಮತ್ತೆ ತುಂಬಿದ ಹಾಗಿದೆ, ಗುಬ್ಬಿ.

ನಿನ್ನವರಿಗೆ ನಮಸ್ಕಾರ. ಮೊಮ್ಮಗಳು ಚೆನ್ನಾಗಿ ಓದಲಿ, ನಿನ್ನಷ್ಟು ತರಲೆಯಾಗದಿರಲಿ ಎಂದು ಹರಸುವ,

ನಿನ್ನ
ಮೆಣಸಿನಕಾಯಿ

ತಾ.ಕ.: ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಮಗ ಬೆಂಕಿಗೆ ಸಿಕ್ಕಿ ಸತ್ತ ಆ ಗೋದಾಮಿನಲ್ಲಿ ಉರಿ ಹಬ್ಬಿಸಿದ್ದು ಚಾವಣಿಯ ಫೋಮ್. ಅದನ್ನು ಹೊಡೆದವರು ನಮ್ಮ ಯಜಮಾನರೇ. ಸೊಸೆಗೆ ಇದು ತಿಳಿಯದು ಎಂದೇ ನಾವಿಬ್ಬರೂ ನಂಬಿದ್ದೆವು. ನಿನ್ನೆ ನಾನು ಊಟದ ಡಬ್ಬಿ ಹಿಡಿದು ಶಿಶುವಿಹಾರದ ಬಾಗಿಲಿಗೆ ಬಂದಾಗ ಅವರು ಏಣಿಯ ಮೇಲಿದ್ದರು. "ಅಮ್ಮಾ, ಆ ಗೋದಾಮಿಗೆ ಫೋಮ್..." ಎಂದರು. ಕೆಳಗೆ ನಿಂತಿದ್ದ ಅವಳು ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡು, "ಗೊತ್ತು ಮಾವ. ಆವತ್ತಿಂದಲೂ ಗೊತ್ತು. ಹುಷಾರಾಗಿ ಇಳೀರಿ," ಎಂದಳು.