ಹನ್ನೆರಡು ಗಂಟೆಯ ನಂತರದ ಹನ್ನೊಂದು ರೋಗಿಗಳು

ಆರೋಗ್ಯ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

‘ಹೊಳೆ ದಾಟಿದ ಮೇಲೆ ಅಂಬಿಗ...’ ಎಂದು ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು. ಅದರ ಕೊನೆ ನನಗೆ ಸರಿಯಾಗಿ ನೆನಪಿಲ್ಲ. ಅಂಬಿಗನನ್ನು ಮರೆಯುತ್ತಾರೆ ಎಂದಿತ್ತೋ, ಬಯ್ಯುತ್ತಾರೆ ಎಂದಿತ್ತೋ? ಏನೇ ಇರಲಿ, ನೀವು ಅದನ್ನೂ ಮೀರಿದಿರಿ. ನಡುಹೊಳೆಯಲ್ಲೇ ನಿನ್ನ ಪರವಾನಗಿ ಮುಗಿದಿತ್ತು, ಆಮೇಲೂ ಹುಟ್ಟು ಹಾಕಿದ್ದೇಕೆ ಎಂದು ಅಂಬಿಗನಿಗೆ ನೋಟಿಸ್ ಕಳಿಸಿದ್ದೀರಿ.

ಆ ಅಂಬಿಗ ನನ್ನ ಅಕ್ಕ. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳನ್ನು, ಸಾಂಕ್ರಾಮಿಕದ ತುರ್ತುಸ್ಥಿತಿಯಲ್ಲಿ ನೀವೇ ತಾತ್ಕಾಲಿಕ ಪರವಾನಗಿ ಕೊಟ್ಟು ವಾಪಸ್ ಕರೆಸಿಕೊಂಡಿರಿ. ಕಳೆದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ತುರ್ತುಸ್ಥಿತಿ ಮುಗಿಯಿತು, ತಾತ್ಕಾಲಿಕ ಪರವಾನಗಿಗಳೆಲ್ಲ ರದ್ದು ಎಂದು ಆದೇಶಿಸಿದಿರಿ. ಸಂತೋಷ, ಯಾರಿಗೆ ಬೇಡ? ಆದರೆ ಆ ಕಾಗದ ನಿಮ್ಮ ಮೇಜಿನಿಂದ ಅವಳ ವಾರ್ಡಿನ ಗೋಡೆಗೆ ಬಂದು ಅಂಟಿಕೊಂಡಾಗ ಸಂಜೆ ನಾಲ್ಕು. ಬದಲಿ ನರ್ಸ್ ಬಂದದ್ದು ಆರಕ್ಕೆ. ಮುಂದಿನವರು ಬಂದು, ಹಾಸಿಗೆಯಿಂದ ಹಾಸಿಗೆಗೆ ಜೊತೆಯಲ್ಲಿ ನಡೆದು, ಒಬ್ಬೊಬ್ಬ ರೋಗಿಯನ್ನೂ ಒಪ್ಪಿಸಿಕೊಳ್ಳುವ ತನಕ ನರ್ಸ್ ವಾರ್ಡ್ ಬಿಡುವಂತಿಲ್ಲ. ಆ ನಿಯಮವೂ ನಿಮ್ಮದೇ.

ಆ ಆರು ಗಂಟೆಗಳಲ್ಲಿ ಅಕ್ಕ ಹನ್ನೊಂದು ಜನಕ್ಕೆ ಔಷಧಿ ಕೊಟ್ಟಳು. ಪ್ರತಿಯೊಂದಕ್ಕೂ ಸಮಯ ಬರೆದು ಸಹಿ ಹಾಕಿದಳು: ಹನ್ನೆರಡೂ ಹತ್ತು, ಹನ್ನೆರಡೂ ಇಪ್ಪತ್ತೈದು, ಎರಡು. ಕೆಲಸಗಳ್ಳಿಯಾಗಿದ್ದರೆ ಗಡಿಯಾರ ನೋಡದೆ ಏನೋ ಗೀಚಿ ಬಚಾವಾಗುತ್ತಿದ್ದಳು. ಈಗ ಅವಳ ಮುತ್ತಿನಂಥ ಅಕ್ಷರವೇ ಅವಳ ವಿರುದ್ಧ ಸಾಕ್ಷಿ. ನರ್ಸ್‌ಗಳ ನೋಂದಣಿ ಪಟ್ಟಿಯಿಂದ ಹೆಸರನ್ನು ಏಕೆ ತೆಗೆದುಹಾಕಬಾರದು ಎಂದು ಕೇಳಿದ್ದೀರಿ. ವಿಚಾರಣೆ ಮುಗಿಯುವವರೆಗೆ ಯಾರಿಗೂ ಸೂಜಿ ಚುಚ್ಚಕೂಡದು ಎಂದಿದ್ದೀರಿ.

ನೋಟಿಸ್ ಓದಿ ಅಕ್ಕ ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಆ ಏಳನೇ ಹಾಸಿಗೆ ಅಜ್ಜನಿಗೆ ಎರಡು ಗಂಟೆಗೆ ಇಂಜೆಕ್ಷನ್ ಇತ್ತು ಕಣೇ. ನಾನು ಕೊಡದೆ ಗೋಡೆ ಕೊಡ್ತಿತ್ತಾ?”

ಉತ್ತರ ಹೇಳಿ ಸ್ವಾಮಿ. ಕರೆಯುವಾಗ ಮನೆ ಬಾಗಿಲಿಗೆ ಕಾರು ಕಳಿಸಿದ್ದಿರಿ. ಸಾಕು, ಮನೆಗೆ ಹೋಗಿ ಎನ್ನಲು ಒಬ್ಬ ಮನುಷ್ಯನೂ ಸಿಗಲಿಲ್ಲವೇ? ರೋಗ ನಿಮ್ಮ ಆದೇಶ ಓದಿ ಹನ್ನೆರಡಕ್ಕೆ ಸರಿಯಾಗಿ ಗಂಟುಮೂಟೆ ಕಟ್ಟಿತೇ? ಆಕೆ ಅಂದು ಹನ್ನೆರಡಕ್ಕೇ ಎದ್ದು ಬಂದಿದ್ದರೆ, ರೋಗಿಗಳನ್ನು ನಡುನೀರಿನಲ್ಲಿ ಕೈಬಿಟ್ಟಳೆಂದು ಇದೇ ಕಚೇರಿ ಇದೇ ನೋಟಿಸ್ ಕಳಿಸುತ್ತಿರಲಿಲ್ಲವೇ?

ನೋಟಿಸ್ ಹಿಂತೆಗೆದುಕೊಳ್ಳಿ. ನೋಂದಣಿಯಲ್ಲಿ ಅವಳ ಹೆಸರು ಇದ್ದ ಹಾಗೇ ಇರಲಿ. ಇನ್ನು ಮುಂದೆ ಇಂಥ ಆದೇಶಕ್ಕೆ ಸಹಿ ಹಾಕುವ ಮೊದಲು, ವಾರ್ಡನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.

ಇಂತಿ,
ಸಮಯವನ್ನು ಸರಿಯಾಗಿ ಬರೆದು ಸಿಕ್ಕಿಬಿದ್ದವಳ ತಂಗಿ

ಮತ್ತೊಂದು ಮಾತು. ಸಾಂಕ್ರಾಮಿಕದ ದಿನಗಳಲ್ಲಿ, ಆಸ್ಪತ್ರೆಯಿಂದ ಬರುವವರು ಹಿಂದಿನ ಮೆಟ್ಟಿಲು ಹತ್ತಿ ಎಂದು ಅಕ್ಕನಿಗೆ ತಾಕೀತು ಮಾಡಿದ್ದ ಕೆಳಮಹಡಿಯ ಮನೆಯಾಕೆ ಇವತ್ತು ಬೆಳಿಗ್ಗೆ ಬಂದಿದ್ದರು. ಗಂಡನಿಗೆ ದಿನಾ ಇಂಜೆಕ್ಷನ್ ಆಗಬೇಕಂತೆ. ಅಕ್ಕ ನೋಟಿಸಿನ ಸಂಗತಿ ಹೇಳಿ, ಆಗುವುದಿಲ್ಲ ಎಂದಳು. ಆಕೆ ಬಾಗಿಲಲ್ಲೇ ನಿಂತು, ಸಿರಿಂಜಿನ ಪೊಟ್ಟಣವನ್ನು ಸೆರಗಿನಡಿ ಮುಚ್ಚಿಕೊಂಡು, ದನಿ ತಗ್ಗಿಸಿ ಅಂದರು: “ಹಿಂದಿನ ಮೆಟ್ಟಿಲಿಂದ ಬನ್ನಿ ಅಕ್ಕಾ, ಯಾರಿಗೂ ಹೇಳಲ್ಲ.”