ಸೇತುವೆಯ ಕೆಳಗೆ ಬದಲಾದ ನಂಬರು

ಬೇಕರಿಯ ಹಿಂದಿನ ಕೋಣೆ
ಸೋಮವಾರ, ಮಧ್ಯಾಹ್ನ

ಪ್ರೀತಿಯ ಮೊಮ್ಮಗಳೇ, ನಮ್ಮ ಮನೆಯ ಮೆಣಸಿನಕಾಯೇ,

ಹೇಗಿದ್ದೀಯಮ್ಮಾ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತಿದ್ದೀಯಾ? ಸೇನೆಯ ಕ್ಯಾಂಪಿನಲ್ಲಿ ನಿನ್ನನ್ನು ಪರದೆಗಳ ಮುಂದಿನಿಂದ ಎಬ್ಬಿಸಿ ಬೇರೆ ಕೋಣೆಯಲ್ಲಿ ಕೂರಿಸಿದ್ದಾರೆ, ಫೋನು ಕಿತ್ತುಕೊಂಡಿದ್ದಾರೆ ಎಂದು ನಿನ್ನ ಗೆಳತಿ ಹೇಳಿದಳು. ಈ ಕಾಗದ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇರೆಯವರ ಕೈಗೆ ಸಿಕ್ಕರೂ ಭಯವಿಲ್ಲ. ಬ್ರೆಡ್ಡು ಸುತ್ತುವ ಹಳೇ ಪೇಪರು ನೋಡಿ ನೋಡಿ ಕಲಿತ ಅಕ್ಷರ ನನ್ನದು, ಓದಿ ಮುಗಿಸುವಷ್ಟರಲ್ಲಿ ಅವರಿಗೇ ಕನ್ನಡಕ ಬೇಕಾಗುತ್ತದೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಒಲೆ ಹಚ್ಚುತ್ತೇವೆ, ಆದರೆ ಒಂದೇ ಸಲದ ಹಿಟ್ಟು ಸಾಕಾಗುತ್ತದೆ.

ಅವತ್ತು ನೀನು ಕೂರದೆ, ನೀರೂ ಕುಡಿಯದೆ ಒಲೆಯ ಪಕ್ಕ ನಿಂತು ಹೇಳಿ ಹೋದದ್ದನ್ನು ಇನ್ನೂ ಮೆಲುಕು ಹಾಕುತ್ತಿದ್ದೇನೆ. ಹಿಂದೆ ನಿನ್ನ ಕೆಲಸದ ಬಗ್ಗೆ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ನೆಲದಲ್ಲಿ ಹೂತ ಕಿವಿ, ಆಕಾಶದಲ್ಲಿ ತೇಲುವ ಕಣ್ಣು, ಫೋನಿನ ಸದ್ದು ಹಿಡಿಯುವ ಪೆಟ್ಟಿಗೆ. ಬಿಡಿಬಿಡಿಯಾಗಿದ್ದರೆ ಒಂದೊಂದೂ ದಡ್ಡ, ಎಲ್ಲವನ್ನೂ ಒಂದೇ ಜಾಲಕ್ಕೆ ಕಟ್ಟಿದರೆ ಬೇಕಾದವನನ್ನು ಹುಡುಕಿ ಅವನಿಗೊಂದು ನಂಬರು ಕೊಡುತ್ತವೆ, ಆಮೇಲೆ ಅವನು ಎಲ್ಲಿ ಹೋದರೂ ನಂಬರು ಬೆನ್ನು ಬಿಡುವುದಿಲ್ಲ ಎನ್ನುತ್ತಿದ್ದೆ. ನಿನ್ನ ಮಾವ ಕೇಳಿ ನಕ್ಕಿದ್ದ: "ಹಂಗಾದ್ರೆ ನಾನು ಎಲ್ಲೆಲ್ಲಿ ನಿಂತು ಟೀ ಕುಡೀತೀನಿ ಅಂತ ನಿಮ್ಮತ್ತೆಗೆ ಚಾಡಿ ಹೇಳ್ತೀಯೇನೇ?" ತಾಯಿಯಿಲ್ಲದ ನಿನ್ನನ್ನು ಸೈಕಲ್ಲಿನ ಬ್ರೆಡ್ಡಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು ನನ್ನ ಮಗ. ನಿನಗೆ ಮೆಣಸಿನಕಾಯಿ ಅಂತ ಹೆಸರಿಟ್ಟವನೂ ಅವನೇ.

ನೀವು ಹುಡುಕುತ್ತಿದ್ದವನು ಬಿಳಿ ವ್ಯಾನಿನಲ್ಲಿದ್ದ. ನಮ್ಮದೂ ಬಿಳಿ ವ್ಯಾನು. ಪೇಟೆ ಮುಟ್ಟುವ ಮೊದಲು ಹೆದ್ದಾರಿ ಸೇತುವೆಯ ನೆರಳಲ್ಲಿ ನಿಲ್ಲಿಸಿ ಟ್ರೇ ಸರಿಮಾಡಿಕೊಳ್ಳುವುದು ನಿನ್ನ ಮಾವನ ರೂಢಿ. ಆ ಮನುಷ್ಯನೂ ಅಲ್ಲೇ ನಿಲ್ಲಿಸಿ ಫೋನು ಆರಿಸಿದ. ಮೇಲಿನ ಕಣ್ಣಿಗೆ ಸೇತುವೆ ಅಡ್ಡ. ನೆಲದ ಕಿವಿಗೆ ಕೇಳಿದ್ದು ಇಂಜಿನ್ ಮಾತ್ರ, ಎರಡೂ ಒಂದೇ ಥರದ ಇಂಜಿನ್. ಮೊದಲು ಹೊರಗೆ ಬಂದದ್ದು ನಮ್ಮ ವ್ಯಾನು, ಅವನ ನಂಬರು ಹೋಗಿ ಅದರ ಮೇಲೆ ಕೂತಿತು. ಅದೇ ವ್ಯಾನಾ ಎಂದು ಯಂತ್ರ ಕೇಳಿತು, ನೀನು ಹೌದೆಂದು ಗುಂಡಿ ಒತ್ತಿದೆ, ಆಕಾಶದಿಂದ ಬಾಂಬು ಬಂದು ನಮ್ಮ ವ್ಯಾನಿನ ಮೇಲೆ ಬಿತ್ತು. ಮೇಲಿನಿಂದ ನೋಡಿದರೆ ಏನು ಕಾಣಿಸುತ್ತದೆ ಮಗಳೇ, ಬರೀ ಬಿಳೀ ತಗಡು. ಬೇಕರಿಯ ಹೆಸರನ್ನು ಯಾರಾದರೂ ವ್ಯಾನಿನ ನೆತ್ತಿಯ ಮೇಲೆ ಬರೆಸುತ್ತಾರೆಯೇ?

ಈಗ ರೇಡಿಯೋದವರು ಸತ್ತವನ ಮೇಲೇ ಗೂಬೆ ಕೂರಿಸಿದ್ದಾರೆ. ವ್ಯಾನಿನವನು ವೈರಿಗಳ ಆಳಂತೆ, ಬ್ರೆಡ್ಡು ಬರೀ ನೆಪವಂತೆ. ನಮ್ಮ ಶಟರಿನ ಮೇಲೆ ಯಾರೋ ದ್ರೋಹಿ ಅಂತ ಬಣ್ಣದಲ್ಲಿ ಬರೆದರು. ನಿನ್ನ ಅತ್ತೆ ಸೀಮೆಎಣ್ಣೆ ಹಾಕಿ ಉಜ್ಜಿದಳು, ಮತ್ತೆ ಬರೆದರು. ಅವಳ ಮಗು ಶಾಲೆಯಿಂದ ಬಂದು, "ತಾತಾ, ಅಪ್ಪ ಯಾರ ಕಡೆಯವ್ರು?" ಅಂತ ಕೇಳಿತು. ನಮ್ಮ ಕಡೆ ಕಣೇ ಅಂದೆ. ನಂಬಲಿಲ್ಲ.

ಗುರುವಾರ ವಿಚಾರಣೆಯಂತೆ. ನಂಬರು ಸರಿಯಾಗಿತ್ತು ಎಂದು ನೀನು ಹೇಳಿದರೆ ಬಿಟ್ಟುಬಿಡುತ್ತಾರೆ, ಸೇತುವೆಯ ಕೆಳಗೆ ಬದಲಾಯಿತು ಎಂದರೆ ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿ ಜೈಲಿಗೆ ಹಾಕುತ್ತಾರೆ ಎಂದು ನಿನ್ನ ಗೆಳತಿ ಕಣ್ಣೊರೆಸಿಕೊಂಡಳು. ನನಗೆ ಹೋದವನೊಬ್ಬ ಸಾಕು. ಅವರು ಹೇಳಿಸಿದಂತೆ ಹೇಳಿ ಮನೆಗೆ ಬಂದುಬಿಡು. ನನ್ನ ಮಗನಿಗೆ ಈಗ ಹೆಸರು ಕಟ್ಟಿಕೊಂಡು ಏನಾಗಬೇಕಿದೆ? ಇರುವವಳಾದರೂ ಉಳಿ.

ನನ್ನ ಪಾಲಿನ ಆಯಸ್ಸು ಏನಾದರೂ ಮಿಕ್ಕಿದ್ದರೆ ಅದೂ ನಿನಗೇ ಸೇರಲಿ.

ನಿನ್ನ
ಅಜ್ಜ

ಇನ್ನೊಂದು ಮಾತು. ನಿನ್ನ ಗೆಳತಿ ಬಸ್ಸು ತಪ್ಪುತ್ತದೆ ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ನಿನ್ನ ಅತ್ತೆ ಬಂದು ಕಾಗದ ಓದಿಸಿಕೊಂಡಳು. ಅವಳಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೆ. ಅವತ್ತು ಅವಳು ಹಿಟ್ಟಿನ ಮೂಟೆಗಳ ಹಿಂದೆಯೇ ಇದ್ದಳಂತೆ, ಎಲ್ಲ ಕೇಳಿಸಿಕೊಂಡಳಂತೆ. ಕಿರುಚಲಿಲ್ಲ, ಅಳಲಿಲ್ಲ. "ಗುಂಡಿ ಒತ್ತಿದ್ದಕ್ಕೆ ಅವಳನ್ನ ಕ್ಷಮಿಸ್ತೀನೋ ಇಲ್ವೋ ನಂಗೇ ಗೊತ್ತಿಲ್ಲ ಮಾವಾ. ಆದ್ರೆ ನನ್ನ ಗಂಡನ್ನ ದ್ರೋಹಿ ಅಂದ್ರೆ ಅವಳೂ ಹೂಂ ಅಂದ್ಬಿಡ್ತಾಳಾ?" ಅಂದಳು. ಮತ್ತೆ ಪೆನ್ನು ಎತ್ತಿಕೊಂಡೆ. ಗುರುವಾರದ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಂಡು ಓದು. ನಂಬರು ಬದಲಾಯಿತು ಅಂತ ಹೇಳು. ಜೈಲಿಗೆ ಹಾಕಿದರೆ ಹಾಕಲಿ, ನೋಡಲು ಬಿಟ್ಟ ದಿನವೆಲ್ಲ ಬಂದು ಎದುರು ಕೂರುತ್ತೇನೆ. ಆ ವ್ಯಾನಿನಲ್ಲಿದ್ದವನು ನನ್ನ ಮಾವ, ಬ್ರೆಡ್ಡು ಹಾಕಲು ಹೊರಟಿದ್ದ ಅಂತ ಅವರೆದುರು ಬಾಯಿಬಿಟ್ಟು ಹೇಳು, ಮಗಳೇ.